ಮಳೆಗಾಲದ ಬೆಲ್ಲಕ್ಕೊಂದು ಪೆಟ್ಟಿಗೆ

ಆಷಾಢದ ಗಾಳಿ ಬೀಸತೊಡಗಿತೆಂದರೆ ಮಂಡ್ಯ ಸೀಮೆಯ ಗೃಹಿಣಿಯರಿಗೆ ಒಂದು ಚಿಂತೆ ಹತ್ತುವುದು. ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಬೆಲ್ಲದ ಅಚ್ಚುಗಳು ಮೊದಲು ಬೆವರುವುವು, ಆಮೇಲೆ ಒಂದಕ್ಕೊಂದು ಅಂಟುವುವು. ಶ್ರಾವಣ ಕಳೆಯುವಷ್ಟರಲ್ಲಿ ಡಬ್ಬಿಯ ತಳದಲ್ಲಿ ಕಪ್ಪನೆಯ ಪಾಕ ನಿಂತಿರುವುದು. ಗೌರಿಹಬ್ಬದ ಹೂರಣಕ್ಕೆಂದು ಮುಚ್ಚಳ ತೆಗೆದಾಗ ಹುಳಿವಾಸನೆ ಮೂಗಿಗೆ ಬಡಿದರೆ, ವರ್ಷಕ್ಕಾಗುವಷ್ಟು ಬೆಲ್ಲವನ್ನು ಒಟ್ಟಿಗೆ ತಂದಿಟ್ಟ ಮನೆಯವರು ಏನು ಮಾಡಬೇಕು? ಹತ್ತಿಪ್ಪತ್ತು ಸೇರಿನಷ್ಟು ಬೆಲ್ಲವನ್ನು ಎಮ್ಮೆಯ ಬಾನಿಗೆ ಸುರಿದು ಅಂಗಡಿಗೆ ಹೋಗುವುದೊಂದೇ ದಾರಿ. ಬೆಲ್ಲವನ್ನು ತಾನೇ ಬೇಯಿಸುವ ನಾಡಿನಲ್ಲಿ ಹೀಗಾಗುವುದು ವಿಚಿತ್ರವೆಂದು ತೋರಬಹುದು. ಆದರೆ ಆಗುತ್ತಿರುವುದು ನಿಜ. ಹಿಂದೆ ಇಷ್ಟು ಆಗುತ್ತಿರಲಿಲ್ಲವೆಂದು ಹಿರಿಯರು ಹೇಳುವರು. ಅವರ ಮಾತಿನಲ್ಲಿ ಹುರುಳಿದೆಯೆಂಬುದನ್ನೂ, ಮೂಲೆಗೆ ಬಿದ್ದ ಒಂದು ಹಳೆಯ ರೆಫ್ರಿಜರೇಟರಿನಿಂದ ಆ ತೊಂದರೆಯನ್ನು ಹೇಗೆ ನೀಗಿಕೊಳ್ಳಬಹುದೆಂಬುದನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ.

ಶ್ರೀರಂಗಪಟ್ಟಣದ ಸುತ್ತ ಕಬ್ಬು ಇಂದುನಿನ್ನಿನ ಬೆಳೆಯಲ್ಲ. ಕಾವೇರಿಯ ವಿರಿಜಾ, ಚಿಕ್ಕದೇವರಾಯಸಾಗರ ಮೊದಲಾದ ಹಳೆಯ ನಾಲೆಗಳ ಕೆಳಗೆ ಅದು ಬಹುಕಾಲದಿಂದ ಬೆಳೆಯುತ್ತ ಬಂದಿದೆ. ರೈತರು ಬೇಯಿಸಿದ ಬೆಲ್ಲವನ್ನು ಕೊಂಡು ಶುದ್ಧಿಮಾಡಿ ಸಕ್ಕರೆಯಾಗಿಸುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ೧೮೪೭ರಲ್ಲಿಯೇ ಪಾಲಹಳ್ಳಿಯಲ್ಲಿ ಸ್ಥಾಪಿತವಾಯಿತು. ೧೯೧೧ರಲ್ಲಿ ಕೆಲಸ ಮೊದಲಾದ ಕೃಷ್ಣರಾಜಸಾಗರವೂ, ಮೊದಲು ಇರ್ವಿನ್ ನಾಲೆಯೆನಿಸಿ ಈಗ ವಿಶ್ವೇಶ್ವರಯ್ಯ ನಾಲೆಯೆನಿಸಿರುವ ಕಾಲುವೆಯೂ ಬಂದಮೇಲೆ ಕಬ್ಬಿನ ಹಸುರು ಬಹುದೂರ ಹಬ್ಬಿತು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಎದ್ದಿತು. ಆದರೂ ಆಲೆಮನೆಯ ಹೊಗೆ ಆರಲಿಲ್ಲ. ಹಿಂದೆ ಫ್ರೆಂಚ್ ರಾಕ್ಸ್ ಎನಿಸಿದ್ದ ಪಾಂಡವಪುರದ ಕಡೆಯಲ್ಲಿಯೂ, ಹಿಂದೆ ಅತ್ತಿಕುಪ್ಪೆಯೆನಿಸಿದ್ದ ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ಮಂದಗೆರೆ, ಹೇಮಗಿರಿ ನಾಲೆಗಳ ಬಯಲಿನಲ್ಲಿಯೂ ಕೊಪ್ಪರಿಗೆಯ ಸುವಾಸನೆ ಇಂದಿಗೂ ದಾರಿಹೋಕರನ್ನು ನಿಲ್ಲಿಸುವುದುಂಟು. ನಾಗಮಂಗಲದ ಮಾತು ಬೇರೆ. ಅದು ಬಹುಮಟ್ಟಿಗೆ ರಾಗಿ ಹುರುಳಿಗಳ ಒಣನೆಲ. ಅಲ್ಲಿನ ಗೃಹಸ್ಥರು ಬೆಲ್ಲವನ್ನು ಕೊಂಡು ತರುವವರೇ ಹೆಚ್ಚು. ಹೊಳೆದಂಡೆಯ ಮನೆಗಿಂತ ಅಲ್ಲಿಯ ಗಾಳಿ ಒಣಗಿದುದಾದರೂ, ಸೋನೆ ಹಿಡಿದಾಗ ಅವರ ಡಬ್ಬಿಯೂ ಬೆವರದೆ ಬಿಡದು.

ಸಕ್ಕರೆ ಉದುರುದುರಾಗಿಯೇ ಇರುವಾಗ ಅದರ ಮಗ್ಗುಲಲ್ಲಿಟ್ಟ ಬೆಲ್ಲ ಮಾತ್ರ ನೀರೊಡೆಯುವುದೇಕೆ? ಗಾಳಿಯು ಹೊರಬಲ್ಲ ತೇವವನ್ನು ನೂರು ಪಾಲೆಂದು ಎಣಿಸೋಣ. ಶುದ್ಧವಾದ ಸಕ್ಕರೆಯ ಹರಳು ಗಾಳಿಯಲ್ಲಿ ಸುಮಾರು ೮೫ ಪಾಲು ತೇವ ತುಂಬುವವರೆಗೂ ಕರಗದು. ಬೆಲ್ಲದಲ್ಲಿಯಾದರೋ ಕಬ್ಬಿನ ಸಕ್ಕರೆಯಲ್ಲದೆ, ಅದು ಒಡೆದು ಹುಟ್ಟಿದ ದ್ರಾಕ್ಷಾಸಕ್ಕರೆ, ಹಣ್ಣಿನ ಸಕ್ಕರೆ ಎಂಬ ಇನ್ನೆರಡು ಬಗೆಯ ಸಕ್ಕರೆಗಳೂ ಸ್ವಲ್ಪ ಲವಣಗಳೂ ಇರುವುವು. ಇವುಗಳಲ್ಲಿ ಹಣ್ಣಿನ ಸಕ್ಕರೆಯು ಬಹಳ ಬಾಯಾರಿದ ಪದಾರ್ಥ. ಗಾಳಿಯ ತೇವ ೬೦ ಪಾಲನ್ನು ದಾಟಿದ ಕೂಡಲೆ ನೀರನ್ನು ಸೆಳೆಯಲಾರಂಭಿಸುವುದು. ಸೆಳೆದ ನೀರಿನಲ್ಲಿ ಮಿಕ್ಕ ಸಕ್ಕರೆಯೂ ಕರಗುವುದು; ಕರಗಿದಲ್ಲಿ ಹುಳಿಯೇಳಿಸುವ ಸೂಕ್ಷ್ಮಜೀವಿಗಳು ಸೇರುವುವು. ಬಿದ್ದ ಕಬ್ಬನ್ನೂ, ಕಡಿದು ನಾಲ್ಕಾರು ದಿನ ಒಣಗಿಸಿದ ಕಬ್ಬನ್ನೂ ಆಡಿಸಿ ಮಾಡಿದ ಬೆಲ್ಲದಲ್ಲಿ ಹೀಗೆ ಒಡೆದ ಸಕ್ಕರೆ ಹೆಚ್ಚಾಗಿರುವುದರಿಂದ ಅದು ಇನ್ನೂ ಬೇಗ ನೀರೊಡೆಯುವುದು. ನಮ್ಮಲ್ಲಿ ಮಳೆಗಾಲದ ಮುಂಜಾವಿನ ಗಾಳಿಯಲ್ಲಿ ೮೫, ೯೦ ಪಾಲು ತೇವವಿರುವುದು ಸಾಮಾನ್ಯ. ಬೆಲ್ಲದ ತಪ್ಪೇನು?

ಹಾಗಾದರೆ ಹಿಂದಿನವರ ಬೆಲ್ಲ ಹೇಗೆ ನಿಂತಿತು? ಅಡಿಗೆಮನೆಯಲ್ಲಿ ಒಲೆಯ ಮೇಲ್ಭಾಗಕ್ಕೆ ಅಟ್ಟವಿತ್ತು. ಬೆಳಗಿನಿಂದ ರಾತ್ರಿಯವರೆಗೆ ಸೌದೆಯ ಬಿಸಿಯೂ ಹೊಗೆಯೂ ಆ ಅಟ್ಟಕ್ಕೆ ತಗಲುತ್ತಿದ್ದುವು. ಬೆಲ್ಲದ ಮಡಕೆ, ಹುಣಿಸೆಯ ಹಣ್ಣು, ಬಿತ್ತನೆಯ ಬೀಜ, ಒಣಮೆಣಸಿನಕಾಯಿ ಎಲ್ಲಕ್ಕೂ ಅಲ್ಲಿಯೇ ಸ್ಥಳ. ಗಾಳಿ ಬಿಸಿಯಾದಷ್ಟೂ ಅದಕ್ಕೆ ತೇವವನ್ನು ಹೊರುವ ಶಕ್ತಿ ಹೆಚ್ಚುವುದರಿಂದ, ಹೊರಗಿನ ತೊಯ್ದ ಗಾಳಿಯೇ ಅಟ್ಟಕ್ಕೇರಿದಾಗ ಒಣಗಾಳಿಯಾಗುತ್ತಿತ್ತು. ಮಡಕೆಯೊಳಗೆ ಭತ್ತದ ಹುಲ್ಲನ್ನೋ ಹೊಟ್ಟನ್ನೋ ಹಾಸಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹಗೇವು ಇತ್ತು. ಒಣನೆಲದಲ್ಲಿ ತೋಡಿದ ಆ ಕುಳಿಯ ಬಾಯಿಯನ್ನು ಮುಚ್ಚಿಬಿಟ್ಟರೆ ಧಾನ್ಯದ ಉಸಿರೇ ಒಳಗಿನ ಪ್ರಾಣವಾಯುವನ್ನು ತೀರಿಸಿ, ಹುಳು ಬದುಕದಂತೆ ಮಾಡುತ್ತಿತ್ತು. ಹಗೇವು ತೆರೆದೊಡನೆ ಯಾರೂ ಇಳಿಯದೆ ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದುದು ಅದಕ್ಕಾಗಿಯೇ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ನಮ್ಮ ಹಿರಿಯರು ಪದಾರ್ಥವನ್ನು ತಂಪುಮಾಡಿ ಕಾಪಾಡಲಿಲ್ಲ. ಒಣಗಿಸಿ, ಮುಚ್ಚಿ ಕಾಪಾಡಿದರು.

ಈಗ ಸೌದೆಯ ಒಲೆ ಹೋಗಿ ಗ್ಯಾಸಿನ ಒಲೆ ಬಂದಿದೆ. ಹೆಂಗಸರ ಕಣ್ಣಿಗೂ ಎದೆಗೂ ಅದರಿಂದಾದ ಉಪಕಾರ ಅಷ್ಟಿಷ್ಟಲ್ಲ. ಹೊಗೆಯ ಅಡಿಗೆಮನೆಯನ್ನು ಮತ್ತೆ ಬಯಸುವವರು ಅದರಲ್ಲಿ ಒಂದು ದಿನವೂ ಅಡಿಗೆ ಮಾಡದ ಗಂಡಸರೇ ಆಗಿರಬೇಕು. ಆದರೆ ಒಲೆಯ ಜೊತೆಗೆ ಅಟ್ಟವೂ ಹೋಯಿತು. ಮನೆಯನ್ನು ಒಣಗಿಸುತ್ತಿದ್ದ ಒಂದೇ ಯಂತ್ರ ಅದಾಗಿತ್ತೆಂಬುದು ಯಾರಿಗೂ ಹೊಳೆಯಲಿಲ್ಲ. ಗ್ಯಾಸು ಉರಿಯುವಾಗ ನೀರಿನ ಹಬೆಯೂ ಹುಟ್ಟುವುದರಿಂದ, ಕಿಟಕಿ ಮುಚ್ಚಿದ ತಾರಸಿಯ ಅಡಿಗೆಮನೆಯಲ್ಲಿ ತೇವ ಇನ್ನಷ್ಟು ಏರುವುದು.

ಮೂರು ವರ್ಷಗಳ ಕೆಳಗೆ ನಾನೂ ಎಲ್ಲರಂತೆ ಯೋಚಿಸಿದೆನು: ತಂಪಿನಲ್ಲಿಟ್ಟರೆ ಎಲ್ಲವೂ ಕೆಡದೆ ಇರುವುದಷ್ಟೆ? ಮನೆಗೆ ಹೊಸ ಫ್ರಿಜ್ಜು ಬಂದು ಹಳೆಯದು ಹಜಾರದ ಮೂಲೆ ಸೇರಿತ್ತು. ಅದನ್ನೇ ಓಡಿಸಿ, ಬೆಲ್ಲದ ಅಚ್ಚುಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟೆನು. ಒಳಗಿರುವಾಗ ಅವು ಚೆನ್ನಾಗಿಯೇ ಇದ್ದುವು. ಹೊರಗೆ ತೆಗೆದು ಹತ್ತು ನಿಮಿಷವಾಗುವಷ್ಟರಲ್ಲಿ ಮೈತುಂಬ ಬೆವರು! ಉಳಿದುದನ್ನು ಒಳಗಿಟ್ಟರೆ ಆ ನೀರೂ ಅದರ ಜೊತೆಗೇ ಒಳಹೊಕ್ಕಿತು. ತಿಂಗಳು ತುಂಬುವುದರೊಳಗೆ ತಟ್ಟೆಯಲ್ಲಿ ಪಾಕ. ಇಷ್ಟಾದ ಮೇಲೆ ಕರೆಂಟು ಹೋದ ಒಂದು ರಾತ್ರಿ ಒಳಗೋಡೆಗಳೇ ಜಿನುಗಿದುವು. ಕೃಷ್ಣರಾಜಪೇಟೆಯ ಕಡೆಯಿಂದ ಬಂದಿದ್ದ ನಮ್ಮ ದೊಡ್ಡಮ್ಮನವರು ಇದನ್ನೆಲ್ಲ ನೋಡಿ, “ಅಲ್ಲ ಕಣಪ್ಪ, ಬೆಲ್ಲಕ್ಕೂ ಮಂಜುಗಡ್ಡೆ ಮನೆ ಬೇಕಾಯ್ತಾ? ಅಟ್ಟ ಕಿತ್ತಾಕ್ಬುಟ್ಟು ಈಗ ಬೆವರ್ತದೆ ಅಂತೀರಲ್ಲ!” ಎಂದರು. “ಅಟ್ಟ ಎಲ್ಲಿ ಕಟ್ಟೋದು ದೊಡ್ಡಮ್ಮ, ಈ ಮನೇಲಿ?” ಎಂದೆನು. “ಪೆಟ್ಟಿಗೆ ಅಯ್ತಲ್ಲ. ಕರೆಂಟು ಕಿತ್ತು ಸುಣ್ಣ ಮಡಗಿ ನೋಡು” ಎಂದು ಅವರು ಎಲೆಯಡಿಕೆಯ ಚೀಲಕ್ಕೆ ಕೈಹಾಕಿದರು. ಆ ಮಾತನ್ನು ಆಗ ನಾನು ಲಕ್ಷಿಸಲಿಲ್ಲ.

ಅದರ ಬೆಲೆ ಗೊತ್ತಾದುದು ಬೇರೊಂದು ದಾರಿಯಿಂದ. ಪಶ್ಚಿಮ ದೇಶಗಳಲ್ಲಿ ಸಿಗಾರು ಸೇದುವ ಸಿರಿವಂತರಿಗೆ ನಮ್ಮದಕ್ಕೆ ತಿರುಗುಮುರುಗಾದ ಕಷ್ಟವೊಂದುಂಟು. ಹೊಗೆಸೊಪ್ಪಿನ ಆ ಸುರುಳಿ ಒಣಗಿದರೆ ಪುಡಿಯಾಗುವುದು, ನೆನೆದರೆ ಬೂಷ್ಟು ಹಿಡಿಯುವುದು. ಅದಕ್ಕೆ ವರ್ಷವೆಲ್ಲ ೬೫ರಿಂದ ೭೦ ಪಾಲಿನ ತೇವವೇ ಇರಬೇಕು. ಇದಕ್ಕಾಗಿ ಅವರು ಸ್ಪಾನಿಷ್ ಸೀಡರ್ ಎಂಬ ಮರದ ಪೆಟ್ಟಿಗೆಗಳನ್ನು ಮಾಡಿಸುವರು. ಹೆಸರು ಸೀಡರ್ ಆದರೂ ಅದು ದೇವದಾರುವಲ್ಲ, ನಮ್ಮ ಬೇವಿನ ಕುಲಕ್ಕೆ ಸೇರಿದ ಅಮೆರಿಕದ ಮರ. ಈಚೆಗೆ ಅವರಲ್ಲಿ ಕೆಲವರು ದ್ರಾಕ್ಷಾಮದ್ಯದ ಸೀಸೆಗಳನ್ನು ತಂಪಾಗಿಡುವ ವೈನ್ ಕೂಲರೆಂಬ ಸಣ್ಣ ಬೀರುವನ್ನು ಸಿಗಾರಿನ ಪೆಟ್ಟಿಗೆಯಾಗಿ ಮಾರ್ಪಡಿಸಿಕೊಳ್ಳುವರು. ಒಳಗಿನ ವಾಸನೆಯನ್ನು ಕಳೆದು, ನೀರು ಹರಿಯುವ ತೂತನ್ನು ಮುಚ್ಚಿ, ತಂತಿಯ ತಟ್ಟೆಗಳನ್ನು ತೆಗೆದು ಸೀಡರಿನ ಹಲಗೆಗಳನ್ನು ಜೋಡಿಸಿ, ತೇವವನ್ನು ಬಿಡುವ ಒಂದು ಪಾತ್ರೆಯನ್ನೂ ತೇವವನ್ನು ಅಳೆಯುವ ಮಾಪಕವನ್ನೂ ಇಡುವರು. ಕಂಪ್ರೆಸರುಳ್ಳ ಬೀರು ಒಳಗಿನ ತೇವವನ್ನೆಲ್ಲ ಹಿಂಡಿ ಹೊರಹಾಕುವುದರಿಂದ ಬಹುಜನರು ಅದನ್ನು ಬಯಸರು. ಎರಡು ಬಗೆಯ ಲೋಹಗಳ ಕೂಡುವೆಡೆಯಲ್ಲಿ ವಿದ್ಯುತ್ತು ಹರಿದರೆ ಅಲ್ಲಿ ತಂಪೋ ಬಿಸಿಯೋ ಹುಟ್ಟುವುದೆಂದು ೧೮೩೪ರಲ್ಲಿ ಪೆಲ್ಟಿಯೆ ಎಂಬ ಫ್ರೆಂಚ್ ವಿದ್ವಾಂಸನು ತೋರಿಸಿದ ತತ್ತ್ವದ ಮೇಲೆ ನಡೆಯುವ ಬೀರುವನ್ನೇ ಅವರು ಹುಡುಕುವರು. ಅವರಿಗೆ ಸ್ವಲ್ಪ ತಂಪು ಬೇಕಾದುದು ಒಂದು ಕೀಟದ ಭಯದಿಂದ. ಸೆಕೆ ಹೆಚ್ಚಿದರೆ ಹೊಗೆಸೊಪ್ಪಿನೊಳಗಿನ ಮೊಟ್ಟೆಯೊಡೆದು ಹುಳು ಸಿಗಾರನ್ನು ಕೊರೆಯುವುದು. ಇದೇ ಕಂದುಬಣ್ಣದ ಸಣ್ಣ ಹುಳುವೇ ನಮ್ಮ ಅರಿಸಿನದ ಕೊಂಬನ್ನೂ ಒಣಶುಂಠಿಯನ್ನೂ ತೂತುಮಾಡುವುದೆಂದರೆ ಗೃಹಿಣಿಯರಿಗೆ ಪರಿಚಯ ಹೊಸದಾಗಲಾರದು.

ಸಿಗಾರಿನ ಅಭ್ಯಾಸವನ್ನು ನಾನು ಹೊಗಳಲಾರೆನು. ಅದಿಲ್ಲದ ಮನೆಯೇ ಲೇಸು. ಆದರೆ ಅವರ ಉಪಾಯದಲ್ಲಿ ನಾವು ಕಲಿಯತಕ್ಕುದಿದೆ. ಆ ಬೀರುವಿನಲ್ಲಿ ಅವರಿಗೆ ಬೇಕಾದ ಮುಖ್ಯ ಗುಣ ತಂಪಲ್ಲ, ಬಿಗಿಯಾದ ಬಾಗಿಲು. ದಪ್ಪಗೋಡೆಯ, ರಬ್ಬರಿನ ಅಂಚುಳ್ಳ ಒಂದು ಮುಚ್ಚಿದ ಕೋಣೆ. ಅದರೊಳಗಿನ ತೇವವನ್ನು ತಮಗೆ ಬೇಕಾದಲ್ಲಿ ನಿಲ್ಲಿಸುವ ಒಂದು ಪದಾರ್ಥ. ಅವರು ತೇವವನ್ನು ಸೇರಿಸುವರು, ನಾವು ಕಳೆಯಬೇಕು, ಅಷ್ಟೇ ಭೇದ. ದೊಡ್ಡಮ್ಮನವರು ಹೇಳಿದ್ದೂ ಅದನ್ನೇ. ಒಂದೇ ತಾಂಬೂಲದ ತಟ್ಟೆಯಲ್ಲಿ ವೀಳ್ಯದೆಲೆಗೆ ಒದ್ದೆಬಟ್ಟೆಯನ್ನೂ ಅಡಿಕೆಗೆ ಒಣಡಬ್ಬಿಯನ್ನೂ ಕೊಡುವ ನಮ್ಮವರಿಗೆ ಈ ತತ್ತ್ವವನ್ನು ಬೇರೆಯವರು ಬೋಧಿಸಬೇಕಾಗಿರಲಿಲ್ಲ.

ಇನ್ನು ಕೆಲಸದ ಮಾತು. ಹಳೆಯ ಫ್ರಿಜ್ಜಿನ ಯಂತ್ರ ಕೆಟ್ಟಿದ್ದರೂ ಚಿಂತೆಯಿಲ್ಲ, ಕೆಟ್ಟಿದ್ದರೇ ಒಳ್ಳೆಯದು. ಮೊದಲು ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು, ಯಾರೂ ಮರೆತು ಸಿಕ್ಕಿಸದಂತೆ ಅದರ ತಂತಿಯನ್ನು ಕತ್ತರಿಸಿಬಿಡಬೇಕು. ಹಿಂದಿನ ಕೊಳವೆಗಳನ್ನು ಮಾತ್ರ ಮುಟ್ಟಕೂಡದು; ಅವುಗಳಲ್ಲಿರುವ ಅನಿಲವು ಹಳೆಯ ಯಂತ್ರಗಳಲ್ಲಿ ವಾಯುಮಂಡಲಕ್ಕೆ ಕೇಡುಮಾಡತಕ್ಕುದು, ಹೊಸವುಗಳಲ್ಲಿ ಬಹಳವಾಗಿ ಬೆಂಕಿಗೆ ಹತ್ತತಕ್ಕುದು. ಒಳಭಾಗವನ್ನು ಅಡಿಗೆಸೋಡ ಬೆರೆಸಿದ ಬಿಸಿನೀರಿನಿಂದ ತೊಳೆದು, ಬಾಗಿಲು ತೆರೆದಿಟ್ಟು, ಬೇಸಗೆಯ ಒಣಗಾಳಿಯಲ್ಲಿ ನಾಲ್ಕು ದಿನ ಆರಬಿಡಬೇಕು. ಬೆಲ್ಲವು ವಾಸನೆಯನ್ನು ಬೇಗ ಹಿಡಿಯುವುದರಿಂದ ಇಲ್ಲಿ ಅವಸರ ಸಲ್ಲದು. ಹಿಂಗೋಡೆಯ ಕೆಳಗಡೆ ನೀರಿಳಿಯುವ ಸಣ್ಣ ತೂತಿರುವುದು. ಅದನ್ನು ಮೇಣದಿಂದ ಮುಚ್ಚಬೇಕು. ಬಾಗಿಲಿನ ರಬ್ಬರು ಸರಿಯಾಗಿದೆಯೇ ಎಂಬುದನ್ನು ತಿಳಿಯಲು ಒಂದು ಕಾಗದದ ಚೂರನ್ನು ನಡುವೆ ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ. ಸುಲಭವಾಗಿ ಜಾರಿಬಂದರೆ ಅಲ್ಲಿ ಗಾಳಿಗೆ ದಾರಿಯುಂಟು. ಸುತ್ತಲೂ ಹೀಗೆ ಪರೀಕ್ಷಿಸಿ, ಸಡಿಲವಾದ ರಬ್ಬರನ್ನು ಬದಲಾಯಿಸಬೇಕು. ತಂತಿಯ ತಟ್ಟೆಗಳ ಮೇಲೆ ಹಲಸಿನ ಹಳೆಯ ಹಲಗೆಗಳನ್ನು ಹಾಕಿದರೆ ಸಾಕು. ಬೇವಿನ ಹಲಗೆ ಬೇಡ, ಕಹಿವಾಸನೆ ಬೆಲ್ಲಕ್ಕೇರುವುದು.

ತೇವವನ್ನು ಹೀರಲು ಅಗ್ಗವಾದ ಪದಾರ್ಥವೆಂದರೆ ನೀರು ಕಾಣದ ಸುಟ್ಟ ಸುಣ್ಣದ ಕಲ್ಲು. ಅಂಗಡಿಯಲ್ಲಿ ಪೊಟ್ಟಣಕಟ್ಟಿ ಮಾರುವ ಪುಡಿಸುಣ್ಣವು ಆಗಲೇ ಅರಳಿ ತಣ್ಣಗಾದುದು, ಅದರಿಂದ ಪ್ರಯೋಜನವಿಲ್ಲ. ಒಂದು ಚೂರಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಬುಸುಗುಟ್ಟಿ ಬಿಸಿಯೇರಿ ಒಡೆಯಬೇಕು, ಅದೇ ಗುರುತು. ಒಂದು ಕಿಲೋ ಶುದ್ಧವಾದ ಸುಣ್ಣದ ಕಲ್ಲು ಪೂರ್ತಿಯಾಗಿ ಅರಳುವಷ್ಟರಲ್ಲಿ ಸುಮಾರು ೩೨೦ ಗ್ರಾಂ ನೀರನ್ನು ಕುಡಿಯುವುದು. ಅರಳುವಾಗ ಬಹಳ ಉಬ್ಬುವುದರಿಂದ ಮಣ್ಣಿನ ಮಡಕೆಯ ಮೂರನೆಯ ಒಂದು ಪಾಲಿಗೆ ಮಾತ್ರ ಅದನ್ನು ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಎಲ್ಲಕ್ಕೂ ಕೆಳಗಿನ ಅಂತಸ್ತಿನಲ್ಲಿಡಬೇಕು. ಬೆಲ್ಲಕ್ಕೆ ಅದು ತಗಲಬಾರದು. ಕಣ್ಣಿಗಂತೂ ಅದರ ಧೂಳು ಘೋರ. ಸುಣ್ಣವನ್ನು ಒಲ್ಲದವರು ಸಿಲಿಕಾ ಜೆಲ್ ಎಂಬ ಮಣಿಗಳನ್ನು ಬಳಸಬಹುದು. ಅವು ನೀರು ಕುಡಿದು ಬಣ್ಣಗೆಟ್ಟಾಗ ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿ ಮತ್ತೆ ಉಪಯೋಗಿಸಬಹುದು. ಆ ಬಾಣಲೆ ಅಡಿಗೆಯದಾಗದಿರಲಿ.

ಒಂದು ಕಿಲೋ ಸುಣ್ಣ ಎಷ್ಟು ದಿನ ಬಂದೀತು? ೩೦ ಡಿಗ್ರಿ ಉಷ್ಣದಲ್ಲಿ ಒಂದು ಘನ ಮೀಟರು ಗಾಳಿಯು ಹೆಚ್ಚೆಂದರೆ ೩೦ ಗ್ರಾಂ ನೀರನ್ನು ಹೊರುವುದು. ೧೦ ಡಿಗ್ರಿಗೆ ಇಳಿದರೆ ೯ ಗ್ರಾಂ ಮಾತ್ರ. ನನ್ನ ಬೆಲ್ಲ ಬೆವರಿದ ರಹಸ್ಯವೂ ಇದರಲ್ಲಿಯೇ ಇದೆ. ತಣ್ಣನೆಯ ಅಚ್ಚಿಗೆ ತಗಲಿದ ಗಾಳಿಯು ತನ್ನ ಹೊರೆಯನ್ನು ಅದರ ಮೈಮೇಲೆಯೇ ಇಳಿಸಿತು. ಸಾಮಾನ್ಯವಾದ ಒಂಟಿಬಾಗಿಲಿನ ಫ್ರಿಜ್ಜಿನಲ್ಲಿ ಸುಮಾರು ೧೬೫ ಲೀಟರು ಸ್ಥಳವಿರುವುದು. ೮೫ ಪಾಲಿನ ಮಳೆಗಾಳಿ ಅದನ್ನೆಲ್ಲ ತುಂಬಿದರೂ ಒಳಗೆ ಬಂದ ನೀರು ನಾಲ್ಕು ಗ್ರಾಮಿಗಿಂತ ತುಸು ಹೆಚ್ಚು, ಒಂದು ಸಣ್ಣ ಚಮಚದಷ್ಟೂ ಅಲ್ಲ! ಈ ಲೆಕ್ಕದಂತೆ ಒಂದು ಕಿಲೋ ಸುಣ್ಣವು ಎಪ್ಪತ್ತಕ್ಕೂ ಹೆಚ್ಚು ಸಲ ಬಾಗಿಲು ತೆರೆದುದನ್ನು ತಾಳಬೇಕು. ಕಲ್ಲು ಪೂರ್ತಿ ಶುದ್ಧವಲ್ಲ, ರಬ್ಬರು ಪೂರ್ತಿ ಬಿಗಿಯಲ್ಲವೆಂದು ಅರ್ಧ ಕಳೆದರೂ, ವಾರಕ್ಕೊಮ್ಮೆ ತೆರೆಯುವವರಿಗೆ ಆಷಾಢದಿಂದ ದೀಪಾವಳಿಯವರೆಗೆ ಸಾಕಾಗಿ ಮಿಗುವುದು. ದಿನವೂ ತೆರೆಯುವವರಿಗೆ ಸಾಲದು. ಆದುದರಿಂದ ವಾರದ ಬೆಲ್ಲವನ್ನು ಸಣ್ಣ ಡಬ್ಬಿಗೆ ತೆಗೆದುಕೊಂಡು ಪೆಟ್ಟಿಗೆಯನ್ನು ಅದರ ಪಾಡಿಗೆ ಬಿಡತಕ್ಕುದು.

ಗಾಳಿಯ ನೀರಿಗಿಂತ ದೊಡ್ಡದು ಬೆಲ್ಲದೊಳಗಿನ ನೀರು. ಇಪ್ಪತ್ತು ಕಿಲೋ ಬೆಲ್ಲದಲ್ಲಿ ನೂರಕ್ಕೆ ಒಂದು ಪಾಲು ತೇವ ಹೆಚ್ಚಾಗಿದ್ದರೆ ಅದೇ ೨೦೦ ಗ್ರಾಂ ಆಯಿತು. ಹಸಿಬೆಲ್ಲವನ್ನು ತಂದು ಒಳಗಿಟ್ಟರೆ ಸುಣ್ಣವೆಲ್ಲ ಅದಕ್ಕೇ ತೀರುವುದು. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣದಿನಗಳಲ್ಲಿ ಬೇಯಿಸಿದ ಬೆಲ್ಲವನ್ನು ಕೊಂಡು, ನೆರಳಿನ ಗಾಳಿಯಲ್ಲಿ ಕೆಲವು ದಿನ ಆರಿಸಿ, ಮುಂಗಾರು ಹಿಡಿಯುವ ಮುನ್ನ ಬೆಚ್ಚಿಡಬೇಕು. ಸಣ್ಣ ಅಚ್ಚಿಗಿಂತ ಬಕೆಟ್ ಬೆಲ್ಲ ಹೆಚ್ಚು ಬಾಳುವುದು; ದೊಡ್ಡ ಗಟ್ಟಿಗೆ ಗಾಳಿ ತಗಲುವ ಮೈ ಕಡಮೆ. ಇನ್ನು ಬಣ್ಣದ ವಿಷಯ. ಹೊಂಬಣ್ಣದ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಟ್ಟು ಕೊಟ್ಟು ಕೊಳ್ಳುವ ನಾವೇ ಕೆಡಿಸಿದ್ದೇವೆ. ಬೆಂಡೆಯ ಗಿಡದ ಲೋಳೆಯಿಂದ ಕೊಳೆ ತೆಗೆದು, ಹದವರಿತು ಸುಣ್ಣದ ತಿಳಿಯಿಟ್ಟು ಬೇಯಿಸಿದ ಬೆಲ್ಲ ಸ್ವಲ್ಪ ಕಂದಾಗಿಯೇ ಇರುವುದು. ಅದನ್ನು ಬೆಳ್ಳಗೆ ಮಾಡಲು ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕುವುದುಂಟು. ಆ ಹೊಳಪು ನಿಲ್ಲುವುದೂ ಇಲ್ಲ, ಇಟ್ಟಂತೆ ಮತ್ತೆ ಕಪ್ಪಾಗುವುದು. ಗಂಧಕದ ಅಂಶ ಮಾತ್ರ ಒಳಗುಳಿಯುವುದು. ಅಂಥ ಬೆಲ್ಲವನ್ನು ಕಾಪಾಡಲು ಪೆಟ್ಟಿಗೆಯೇಕೆ?

ಒಳಗಿನ ತೇವವನ್ನು ತೋರಿಸುವ ಸಣ್ಣ ಮಾಪಕಗಳು ಈಗ ಕಡಮೆ ಬೆಲೆಗೆ ದೊರೆಯುವುವು. ಆದರೆ ಅವು ಹೇಳುವುದೆಲ್ಲ ನಿಜವಲ್ಲ; ಮೊದಲು ಪರೀಕ್ಷಿಸಬೇಕು. ಒಂದು ಬಟ್ಟಲಿನಲ್ಲಿ ಅಡಿಗೆಯುಪ್ಪನ್ನು ಹಾಕಿ, ಕರಗಿಹೋಗದಂತೆ ಕೆಸರಾಗುವಷ್ಟೇ ನೀರು ಸೇರಿಸಿ, ಅದನ್ನೂ ಮಾಪಕವನ್ನೂ ಬಿಗಿಮುಚ್ಚಳದ ದೊಡ್ಡ ಜಾಡಿಯಲ್ಲಿ ಒಂದು ರಾತ್ರಿ ಇಡಿ. ಆ ಜಾಡಿಯ ಗಾಳಿಯಲ್ಲಿ ತೇವವು ೭೫ ಪಾಲಿನಲ್ಲಿ ನಿಲ್ಲುವುದು, ಇದು ಪ್ರಕೃತಿನಿಯಮ. ಮಾಪಕವು ೮೦ ಎಂದರೆ ಅದು ಐದು ಹೆಚ್ಚು ಹೇಳುತ್ತಿದೆಯೆಂದು ತಿಳಿದು ಆಮೇಲೆ ಕಳೆದುಕೊಳ್ಳುವುದು. ಬೆಲ್ಲದ ಪೆಟ್ಟಿಗೆಯಲ್ಲಿ ಅದು ೬೦ರ ಒಳಗೇ ಇರಬೇಕು. ೬೫ಕ್ಕೆ ಏರಿತೆಂದರೆ ಸುಣ್ಣ ಬದಲಿಸುವ ಕಾಲ ಬಂದಿತೆಂದು ತಿಳಿಯಿರಿ.

ಒಂದು ಮಾತನ್ನು ಬಹಳ ಒತ್ತಿ ಹೇಳಬೇಕಾಗಿದೆ. ಗಾಳಿಯಾಡದ ಪೆಟ್ಟಿಗೆ ಬೆಲ್ಲಕ್ಕೆ ರಕ್ಷೆ, ಮಗುವಿಗೆ ಮೃತ್ಯು. ಹೊರಗಿನಿಂದ ಚಿಲಕ ಬೀಳುತ್ತಿದ್ದ ಹಳೆಯ ರೆಫ್ರಿಜರೇಟರುಗಳೊಳಗೆ ಆಡಲು ಹೊಕ್ಕು ಮಕ್ಕಳು ಸತ್ತುದರಿಂದಲೇ, ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲಿರಬೇಕೆಂದು ಅಮೆರಿಕ ದೇಶದಲ್ಲಿ ೧೯೫೬ರಲ್ಲಿ ಕಾನೂನಾಯಿತು. ಈಗಿನವುಗಳಿಗೆ ಅಯಸ್ಕಾಂತದ ಅಂಚು ಮಾತ್ರ ಇರುವುದಾದರೂ ಎಳೆಯ ಮಗುವಿಗೆ ಅದೂ ಭಾರವೇ. ಬೀಗದ ಕೈ, ಚಿಲಕ ಯಾವುದಿದ್ದರೂ ಕಿತ್ತುಹಾಕಿರಿ. ಮಗು ನುಸುಳುವಷ್ಟು ಎಡೆ ಉಳಿಯದಂತೆ ಹಲಗೆಗಳನ್ನು ಹತ್ತಿರಹತ್ತಿರವಾಗಿ ಬಿಗಿಯಿರಿ. ಬಾಗಿಲನ್ನು ಗೋಡೆಗೆ ಎದುರಾಗಿ ತಿರುಗಿಸಿಡುವುದೂ ಒಳ್ಳೆಯದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇಷ್ಟನ್ನು ಮಾಡಲಾಗದಿದ್ದರೆ ದೊಡ್ಡ ಪೆಟ್ಟಿಗೆಯ ಆಸೆಯನ್ನು ಬಿಟ್ಟು, ಬಿಗಿಮುಚ್ಚಳದ ಸ್ಟೀಲು ಡ್ರಮ್ಮನ್ನು ಮಕ್ಕಳಿಗೆ ಎಟುಕದ ಎತ್ತರದಲ್ಲಿಟ್ಟು ಇದೇ ಕ್ರಮವನ್ನು ನಡೆಸಬಹುದು. ಬೆಲ್ಲ ಸ್ವಲ್ಪ ಕಡಮೆ ಹಿಡಿಸೀತು, ಅಷ್ಟೆ.

ಕಳೆದೆರಡು ಮಳೆಗಾಲಗಳಲ್ಲಿ ನಮ್ಮ ಪೆಟ್ಟಿಗೆಯ ಬೆಲ್ಲ ಒಡೆಯಲು ಗುಂಡುಕಲ್ಲು ಬೇಕಾಯಿತು. ಇದೊಂದೇ ಮನೆಯವರ ದೂರು. ಗೌರಿಹಬ್ಬದ ವಾರದಲ್ಲಿ ಸುಣ್ಣದ ಮಡಕೆಯನ್ನು ಹೊರತೆಗೆದಾಗ ಕಲ್ಲುಗಳೆಲ್ಲ ಹೂವಿನಂತೆ ಅರಳಿ ನುಣ್ಣನೆಯ ಬಿಳಿಯ ಪುಡಿಯಾಗಿದ್ದುವು. ಹೊಸ ಕಲ್ಲನ್ನು ಮಡಕೆಗೆ ತುಂಬಿ, ಆ ಪುಡಿಯನ್ನು ದೊಡ್ಡಮ್ಮನವರು ನೀರಿನಲ್ಲಿ ಕದಡಿ ತುಳಸಿಯ ಕಟ್ಟೆಗೆ ಬಳಿದರು.